ಬೆಟ್ಟ ಹತ್ತದೇ ನಂದಿ ಕಡೆ ಒಂದು ದಿನ: ಕೋಟೆ, ಸರ್ ಎಂವಿ ಮನೆ, ದ್ರಾಕ್ಷಿ ತೋಟ

ಇಪ್ಪತ್ತು ವರ್ಷದಿಂದ ಬೆಂಗಳೂರಲ್ಲೇ ಇದೀನಿ, ನಂದಿ ಅಂದ್ರೆ ನಂಗೆ ಗೊತ್ತಿದ್ದಿದ್ದು ಒಂದೇ, ಬೆಳಗ್ಗೆ ನಾಲ್ಕಕ್ಕೆ ಎದ್ದು ಗೇಟ್ ಹತ್ರ ನೂರಾರು ಬೈಕುಗಳ ಮಧ್ಯೆ ನಿಂತು, ಮೇಲ್ ಹೋಗಿ ಮಂಜು ನೋಡಿ ಮ್ಯಾಗಿ ತಿಂದು ವಾಪಸ್. ಈ ಸಲ ಬೆಟ್ಟಾನೇ ಹತ್ತಬಾರದು, ಸುತ್ತಮುತ್ತ ಕೆಳಗಡೆ ಇರೋದನ್ನ ಮಾತ್ರ ನೋಡೋಣ ಅಂತ ಹೋಗಿದ್ವಿ. ನಾನು, ಹೆಂಡ್ತಿ, ಅವಳ ತಮ್ಮ, ಮತ್ತೆ ನಮ್ಮ ಮಾವ. ಮಾವ ಪಿಡಬ್ಲ್ಯೂಡಿ ಇಂಜಿನಿಯರ್ ಆಗಿ ರಿಟೈರ್ ಆದೋರು, ಇದು ಮುಂದೆ ಮುಖ್ಯ ಆಗತ್ತೆ.

ಕೊನೇಲಿ ವೈನರಿ ಇತ್ತಲ್ಲ, ಅಲ್ಲಿ ಟೇಸ್ಟಿಂಗ್ ಆದ್ಮೇಲೆ ಯಾರೂ ಸ್ಟೀರಿಂಗ್ ಮುಟ್ಟೋ ಹಾಗಿಲ್ಲ ಅಂತ ದಿನಪೂರ್ತಿಗೆ ಕ್ಯಾಬ್ ಮಾಡ್ಕೊಂಡ್ವಿ. ಏಳಕ್ಕೆ ಬರ್ಬೇಕಾದ ಗಾಡಿ ಎಂಟೂಕಾಲಿಗೆ ಬಂತು, ಹೆಸರು ಬೇಡ ಬಿಡಿ, ಆದ್ರೆ ಡ್ರೈವರ್ ಹುಡುಗ ಒಳ್ಳೇವ್ನು.

ದೇವನಹಳ್ಳಿ ಕೋಟೆಗೆ ಅರ್ಧ ಗಂಟೆ ಸಾಕು. ಏರ್‌ಪೋರ್ಟಿಗೆ ಓಡೋ ಅವಸರದಲ್ಲಿ ಇಷ್ಟು ದಿನ ಪಕ್ಕದಲ್ಲೇ ಹಾದು ಹೋಗ್ತಿದ್ವಿ. ಟಿಪ್ಪು ಹುಟ್ಟಿದ ಜಾಗ ಅಂದ್ರೆ ದೊಡ್ಡ ಅರಮನೆ ಅಂದ್ಕೊಂಡು ಹೋಗ್ಬೇಡಿ, ಗಿಡ್ಡ ಕಂಬಗಳ ಒಂದು ಪುಟ್ಟ ಮಂಟಪ, ಒಂದು ಫಲಕ, ಅಷ್ಟೇ. ಒಳಗಡೆ ಇನ್ನೂ ಜನ ವಾಸ ಮಾಡೋ ಊರಿದೆ, ವೇಣುಗೋಪಾಲಸ್ವಾಮಿ ದೇವಸ್ಥಾನ ಇದೆ, ನಂಗೆ ಅದೇ ಚೆನ್ನಾಗಿ ಕಾಣ್ತು. ಇಲ್ಲಿನ ಚಕ್ಕೋತಕ್ಕೆ ಜಿಐ ಟ್ಯಾಗ್ (ಈ ಊರಿನ ವಿಶೇಷ ಬೆಳೆ ಅನ್ನೋ ಸರ್ಕಾರಿ ಗುರುತು) ಇದೆ, ಸಿಕ್ಕಿದ್ರೆ ಬಿಡ್ಬೇಡಿ, ನಮಗೆ ಸಿಗ್ಲಿಲ್ಲ.

ಅಲ್ಲಿಂದ ಸೀದಾ ಮುದ್ದೇನಹಳ್ಳಿ. ಕಾರು ನಿಂತಿದ್ದೇ ತಡ ಮಾವ ಚಪ್ಪಲಿ ಬಿಟ್ಟು ನಡ್ಕೊಂಡ್ ಹೋಗ್ತಿದಾರೆ, ಯಾಕೆ ಮಾವ ಇನ್ನೂ ದೂರ ಇದೆಯಲ್ಲ ಅಂದ್ರೆ ಉತ್ತರಾನೇ ಇಲ್ಲ. ವಿಶ್ವೇಶ್ವರಯ್ಯನವರ ಮನೆ ಪಕ್ಕದಲ್ಲೇ ಮ್ಯೂಸಿಯಂ. ಸ್ಕ್ರೀನು, ಲೈಟು, ಬಟನ್ ಒತ್ತಿದ್ರೆ ಮಾತಾಡೋ ಗೊಂಬೆ, ಈ ಥರ ಯಾವುದನ್ನೂ ನಿರೀಕ್ಷೆ ಮಾಡ್ಬೇಡಿ. 1955ರಲ್ಲಿ ಭಾರತರತ್ನ ಬಂತು, ಆ ಥರ ದೊಡ್ಡ ದೊಡ್ಡ ಪ್ರಶಸ್ತಿ ಬಿರುದುಗಳ ವಿವರ ಎಲ್ಲಾ ಇದೆ ಸರಿ, ಆದ್ರೆ ನನ್ನ ಹಿಡಿದು ನಿಲ್ಲಿಸಿದ್ದು ಕನ್ನಡಕ, ಕಪ್‌ಗಳು, ಮತ್ತೆ ಅವರ ವಿಸಿಟಿಂಗ್ ಕಾರ್ಡ್ ಪ್ರಿಂಟ್ ಮಾಡೋಕೆ ಇಟ್ಕೊಂಡಿದ್ದ ಬ್ಲಾಕ್‌ಗಳು. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಮನುಷ್ಯನ ಹೆಸರು ಉಲ್ಟಾ ಅಕ್ಷರದಲ್ಲಿ, ಅಂಗೈಯಲ್ಲಿ ಮುಚ್ಚಿಹೋಗೋಷ್ಟು ಚಿಕ್ಕದಾಗಿ.

ಕೆಆರ್‌ಎಸ್ ಮಾಡೆಲ್ ಹತ್ರ ಯಾವುದೋ ಸ್ಕೂಲ್ ಮಕ್ಕಳಿದ್ರು, ಮಾವ ಕೇಳ್ದೇನೇ ಶುರು ಮಾಡಿದ್ರು. ನೀರು ಒಂದು ಮಟ್ಟ ದಾಟಿದ್ರೆ ಯಾರೂ ಮುಟ್ಟದೇನೇ ತಾನೇ ತೆರ್ಕೊಳ್ಳೋ ಗೇಟು, 1903ರಲ್ಲೇ ಪೇಟೆಂಟ್ ತಗೊಂಡು ಮೊದಲು ಪುಣೆ ಹತ್ರ ಖಡಕ್‌ವಾಸ್ಲಾದಲ್ಲಿ ಹಾಕಿದ್ರು, ಆಮೇಲೆ ನಮ್ಮ ಕನ್ನಂಬಾಡಿಗೂ ಬಂತು ಅಂತ ಕೈಯಲ್ಲೇ ಗೇಟು ಮಾಡಿ ಎತ್ತಿ ಇಳಿಸಿ ತೋರಿಸ್ತಾ ಇದ್ರೆ ಮಕ್ಕಳ ಮೇಷ್ಟ್ರೂ ನಿಂತು ಕೇಳ್ತಿದ್ರು. ಸಮಾಧಿ ಹತ್ರ ಮಾತ್ರ ಮಾವ ಒಂದ್ ಮಾತೂ ಆಡ್ಲಿಲ್ಲ. ನಾವು ಇಪ್ಪತ್ತು ನಿಮಿಷ ಅಂದ್ಕೊಂಡಿದ್ದ ಜಾಗದಲ್ಲಿ ಒಂದೂವರೆ ಗಂಟೆ ಆಯ್ತು. ನನ್ನ ಕಡೆಯಿಂದ ಐದಕ್ಕೆ ಐದು, ಜೊತೇಲಿ ಒಬ್ಬ ಇಂಜಿನಿಯರ್ ಇದ್ರೆ ಆರು.

ನಂದಿ ಊರಿನ ಭೋಗನಂದೀಶ್ವರ ಇದೇ ದಾರೀಲಿ. ಒಂಬತ್ತನೇ ಶತಮಾನದಿಂದ ಇರೋ ದೇವಸ್ಥಾನ, ಕಲ್ಯಾಣಿ ಮೆಟ್ಟಿಲ ಮೇಲೆ ಸುಮ್ನೆ ಕೂತ್ಕೊಳ್ಳಿ. ಮಧ್ಯಾಹ್ನ ಊಟಕ್ಕೆ ಹೈವೇ ಮೇಲೆ ನಿಲ್ಲಿಸಿದ್ದು ತಪ್ಪಾಯ್ತು, ಅನ್ನ ತಣ್ಣಗೆ, ಸಾರು ಬರೀ ಹುಳಿ ನೀರು. ಬುತ್ತಿ ಕಟ್ಕೊಂಡ್ ಹೋಗಿ.

ಊಟ ಆದ್ಮೇಲೇನೇ ವೈನರಿ ಇಟ್ಕೊಳ್ಳಿ, ಖಾಲಿ ಹೊಟ್ಟೇಲಿ ಬೇಡ. ನಾವು ಹೋಗಿದ್ದು ದೊಡ್ಡಬಳ್ಳಾಪುರ ಕಡೆ ಇರೋ ಗ್ರೋವರ್‌ಗೆ. ಕನ್ವಲ್ ಗ್ರೋವರ್ ಅನ್ನೋರು 1988ರಲ್ಲಿ ಶುರು ಮಾಡಿದ್ದು, 2012ರಲ್ಲಿ ನಾಸಿಕ್ ಕಡೆಯ ಜಂಪಾ ಜೊತೆ ಸೇರಿ ಗ್ರೋವರ್ ಜಂಪಾ ಆಯ್ತು. ಮೊದಲೇ ಬುಕ್ ಮಾಡ್ಕೊಂಡೇ ಹೋಗಿ. ಈ ಕಡೆ ರೈತರ ದ್ರಾಕ್ಷಿ ಎಲ್ಲಾ ಕಲ್ಲುಕಂಬದ ಮೇಲೆ ಚಪ್ಪರ, ಬಗ್ಗಿ ಒಳಗೆ ಹೋಗ್ಬೇಕು, ವೈನ್ ದ್ರಾಕ್ಷಿ ಆದ್ರೆ ಬೇಲಿ ಥರ ತಂತಿ ಕಟ್ಟಿ ಸಾಲು ಸಾಲಾಗಿ ನಿಲ್ಲಿಸಿರ್ತಾರೆ, ಕಾಯಿ ನೋಡಿದ್ರೆ ಇಷ್ಟೇನಾ ಅನ್ಸತ್ತೆ, ಅಷ್ಟು ಚಿಕ್ಕದು. ಗೊಂಚಲು ನೋಡ್ಬೇಕು ಅಂದ್ರೆ ಜನವರಿಯಿಂದ ಮಾರ್ಚ್ ಒಳಗೆ ಹೋಗಿ, ಏಪ್ರಿಲ್ ಹೊತ್ತಿಗೆ ಗಿಡ ಕತ್ತರಿಸಿ ಬೋಳು ಮಾಡಿರ್ತಾರೆ. ಸ್ಟೀಲ್ ಟ್ಯಾಂಕು ನೋಡೋದು ಹಾಲಿನ ಡೈರಿ ನೋಡ್ದಂಗೇ, ಆದ್ರೆ ಓಕ್ ಪೀಪಾಯಿ ಇಟ್ಟಿರೋ ರೂಮಿನ ತಂಪು, ಆ ವಾಸನೆ ಇದೆಯಲ್ಲ, ಅದಕ್ಕೇ ಹೋಗ್ಬೇಕು. ಟೇಸ್ಟಿಂಗಲ್ಲಿ ಗ್ಲಾಸ್ ತಿರುಗಿಸಿ ಮೂಸಿ ಏನ್ ವಾಸನೆ ಬರ್ತಿದೆ ಹೇಳಿ ಅಂದ್ರು. ಭಾವಮೈದ ಏನೋ ಚೆರ್ರಿ ಗಿರ್ರಿ ಅಂದ. ಮಾವ ಕುಡಿಯಲ್ಲ, ಸುಮ್ನೆ ಮೂಸಿ ನೋಡಿ, ಹೊಸ ಮನೆಗೆ ಬಾಗಿಲು ಮಾಡಿಸ್ತಿರುವಾಗ ಬಡಗಿ ಹತ್ರ ನಿಂತಂಗಿದೆ ಅಂದ್ರು. ಸರಿಯಾಗೇ ಹೇಳಿದೀರಾ ಸಾರ್, ಅದು ಪೀಪಾಯಿದೇ ಅಂತ ಗೈಡ್ ಅಂದಾಗ ಮಾವನ ಮುಖ ನೋಡ್ಬೇಕಿತ್ತು.

ಎರಡು ಬಾಟ್ಲು ತಗೊಂಡ್ವಿ. ವಾಪಸ್ ಬರ್ತಾ ರಸ್ತೆ ಬದೀಲಿ ಒಬ್ಬ ಅಜ್ಜಿ ಹತ್ರ ಬೆಂಗಳೂರು ಬ್ಲೂ ಇತ್ತು, 2013ರಲ್ಲಿ ಜಿಐ ಸಿಕ್ಕಿರೋ ನಮ್ಮ ಹಳೇ ಕಪ್ಪು ದ್ರಾಕ್ಷಿ, ಸಿಪ್ಪೆ ದಪ್ಪ, ಬೀಜ ಇರತ್ತೆ, ಒಂದು ಕೆಜಿ ಕಾರಲ್ಲಿಟ್ರೆ ಕಾರೆಲ್ಲಾ ಘಮ್ ಅನ್ನತ್ತೆ. ಹೆಬ್ಬಾಳ ಫ್ಲೈಓವರ್ ಜಾಮಲ್ಲಿ ನಿಂತಿದ್ದಾಗ ನೋಡಿದ್ರೆ ಮುಕ್ಕಾಲು ಖಾಲಿ, ಡ್ರೈವರ್ ಹುಡುಗ ಬೀಜ ಎಲ್ಲಿ ಉಗೀಲಿ ಸಾರ್ ಅಂತ ಕೇಳ್ತಿದ್ದ.