ಮೊಗ್ಗು ತುಂಬಿದ ಗಾರ್ಡೇನಿಯಾ ಕುಂಡ: ಚಳಿಗಾಲದಲ್ಲಿ ಕೊಳ್ಳಬೇಡಿ

ಚಳಿ ಹೆಚ್ಚಿರುವ ಊರಿನಲ್ಲಿ ಇರುವವರು ಚಳಿಗಾಲದ ನಡುವೆ ಮೊಗ್ಗು ತುಂಬಿದ ಗಾರ್ಡೇನಿಯಾ (ಪರಿಮಳದ ಬಿಳಿ ಹೂ ಬಿಡುವ ಗಿಡ) ಕುಂಡವನ್ನು ಮನೆಗೆ ತರಬೇಡಿ. ನಾನು ತಂದ ಗಿಡದಲ್ಲಿ ಪ್ರತಿ ರೆಂಬೆಯ ತುದಿಯಲ್ಲೂ ಮೊಗ್ಗಿತ್ತು. ಅರಳಿದ್ದು ಅಂಗಡಿಯಲ್ಲೇ ಅರ್ಧ ಬಿರಿದಿದ್ದ ಹೂವು ಮಾತ್ರ. ಉಳಿದವು ಹಳದಿಗೆ ತಿರುಗಿ, ಕಂದಿ, ಮುಟ್ಟಿದರೆ ಸಾಕು ಎಂದು ಕಾಯುತ್ತಿದ್ದಂತೆ ಉದುರಿದವು. ಚಳಿ ಕಳೆಯುವಷ್ಟರಲ್ಲಿ ಗಿಡವೂ ಹೋಯಿತು. ದೂರು ಹೇಳಿದಾಗ ಮಾರಾಟಗಾರರಿಂದ ಬಂದ ಉತ್ತರ: ಜೀವಂತ ವಸ್ತುವಿಗೆ ನಾವು ಹೊಣೆಯಲ್ಲ.

ಕೊಳ್ಳುವಾಗ ಅವರು ಕೊಟ್ಟ ಸಲಹೆ ಇಷ್ಟೇ ಇತ್ತು: ಇದು ಮನೆಯೊಳಗಿನ ಗಿಡ, ಬೆಚ್ಚಗಿಡಿ, ಎಲೆಗೆ ನೀರು ಚಿಮುಕಿಸುತ್ತಿರಿ. ಕುಂಡಕ್ಕೆ ಸಿಕ್ಕಿಸಿದ್ದ ಚೀಟಿಯಲ್ಲೂ ಇದೇ ಮಾತು. ಯಾವುದೂ ಪೂರ್ತಿ ಸುಳ್ಳಲ್ಲ, ಆದರೆ ಮೂರನ್ನೂ ಸೇರಿಸಿ ಪಾಲಿಸಿದರೆ ಗಾರ್ಡೇನಿಯಾ ಬದುಕುವುದು ಕಷ್ಟ.

ಗಾರ್ಡೇನಿಯಾ ಜಾಸ್ಮಿನಾಯ್ಡಿಸ್ ಮೂಲತಃ ದಕ್ಷಿಣ ಚೀನಾ, ತೈವಾನ್, ಜಪಾನಿನ ಬೆಚ್ಚನೆಯ ಭಾಗಗಳ ಪೊದೆ. ಬಯಲಿನಲ್ಲಿ ಆಳೆತ್ತರ ಬೆಳೆಯುವ ಈ ಗಿಡವನ್ನು ಅಂಗೈಯಗಲದ ಕುಂಡಕ್ಕೆ ಇಳಿಸಬೇಕಾದರೆ ಹಸಿರುಮನೆಯಲ್ಲಿ ಬಹಳಷ್ಟು ಕಸರತ್ತು ನಡೆಯುತ್ತದೆ. ಒಂದೇ ಕುಂಡದಲ್ಲಿ ಹಲವು ಕಡ್ಡಿಗಳನ್ನು ಒತ್ತೊತ್ತಾಗಿ ನೆಟ್ಟು ದಟ್ಟವಾಗಿ ಕಾಣುವಂತೆ ಮಾಡುತ್ತಾರೆ. ಗಿಡ ಉದ್ದಕ್ಕೆ ಹೋಗದಿರಲೆಂದು ಬೆಳವಣಿಗೆ ತಡೆಯುವ ರಾಸಾಯನಿಕ ಕೊಡುವುದೂ ಉಂಟು. ಅಲ್ಲಿನ ಬೆಳಕು, ತೇವ, ಉಷ್ಣತೆ, ನೀರಿನ ಆಮ್ಲೀಯತೆ ಎಲ್ಲವೂ ಅಳತೆಯಲ್ಲಿರುತ್ತವೆ. ಅಲ್ಲಿಂದ ಲಾರಿ, ಲಾರಿಯಿಂದ ಅಂಗಡಿ, ಅಂಗಡಿಯಿಂದ ನಮ್ಮ ಮಂಕು ಬೆಳಕಿನ ಕಿಟಕಿ. ಇಂಥ ಬದಲಾವಣೆಗೆ ಸಿಕ್ಕ ಗಿಡ ಮೊದಲು ಕೈಬಿಡುವುದು ಮೊಗ್ಗನ್ನೇ, ಏಕೆಂದರೆ ಅದನ್ನು ಸಾಕುವುದೇ ಅದಕ್ಕೆ ಹೆಚ್ಚು ದುಬಾರಿ. ಸತ್ತ ಗಿಡವನ್ನು ಕುಂಡದಿಂದ ಕಿತ್ತಾಗ ನನ್ನ ಕೈಗೆ ಬಂದದ್ದು ಒಂದು ಗಿಡವಲ್ಲ, ಹೆಣೆದುಕೊಂಡ ಸಣ್ಣ ಸಣ್ಣ ಗಿಡಗಳ ಗುಂಪು. ನಡುವೆ ಒಂದು ಹನಿಯೂ ತಾಗದ, ಒಣಗಿದ ಪೀಟ್ (ಕುಂಡಕ್ಕೆ ಮಣ್ಣಿನ ಬದಲು ತುಂಬುವ, ಜೌಗಿನ ಕೊಳೆತ ಪಾಚಿ) ಮುದ್ದೆ ಇತ್ತು. ಪೀಟ್ ಒಮ್ಮೆ ಪೂರ್ತಿ ಒಣಗಿದರೆ ನೀರನ್ನು ಸುಲಭವಾಗಿ ಹೀರುವುದಿಲ್ಲ. ಮೇಲಿಂದ ಹಾಕಿದ್ದು ಕುಂಡದ ಅಂಚಿನಿಂದ ಜಾರಿ ತಟ್ಟೆಗೆ ಬೀಳುತ್ತದೆ. ತಟ್ಟೆಯಲ್ಲಿ ನೀರು ಕಂಡು ನಾವು ಗಿಡ ಕುಡಿದಿದೆ ಎಂದುಕೊಳ್ಳುತ್ತೇವೆ.

ಹೆಚ್ಚು ಹಾನಿ ಮಾಡಿದ್ದು ‘ಬೆಚ್ಚಗಿಡಿ’ ಎಂಬ ಮಾತು. ಗಾರ್ಡೇನಿಯಾಕ್ಕೆ ಹಗಲಲ್ಲಿ 18ರಿಂದ 24 ಡಿಗ್ರಿ ಸೆಲ್ಸಿಯಸ್ ಸಾಕು. ರಾತ್ರಿ 15–18 ಡಿಗ್ರಿಗೆ ಇಳಿಯಲೇಬೇಕು, ಆಗಲೇ ಮೊಗ್ಗು ಕಟ್ಟುವುದು. ರಾತ್ರಿಯೂ 21ರ ಮೇಲಿದ್ದರೆ ಹೊಸ ಮೊಗ್ಗು ಬರುವುದಿಲ್ಲ, ಇದ್ದದ್ದು ನಿಲ್ಲುವುದೂ ಕಷ್ಟ. ಹೀಟರ್ ಉರಿಯುವ ಕೋಣೆಯಲ್ಲಿ ರಾತ್ರಿಯೂ ಸೆಕೆ. ಜೊತೆಗೆ ಗಾಳಿ ಒಣಗಿ ಹೋಗಿರುತ್ತದೆ. ಬೆಳಕಿಗಾಗಿ ಕಿಟಕಿಯ ಕಟ್ಟೆಗೆ ಸರಿಸಿದರೆ ಇನ್ನೊಂದು ಪೇಚು: ಎಲೆಗಳಿಗೆ ಹೀಟರ್‌ನ ಬಿಸಿ, ಕುಂಡದ ತಳಕ್ಕೆ ಕಲ್ಲಿನ ತಂಪು. ಮಣ್ಣು ಹೀಗೆ ತಣ್ಣಗಾದಾಗ ಬೇರು ಮಂದವಾಗುತ್ತದೆ, ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ದಕ್ಕುವುದಿಲ್ಲ, ಎಲೆ ಹಳದಿಯಾಗುತ್ತದೆ. ಕುಂಡದ ಕೆಳಗೆ ಮರದ ಹಲಗೆ ಅಥವಾ ದಪ್ಪ ಥರ್ಮೋಕೋಲ್ ತುಂಡು ಇಟ್ಟರೆ ಎಷ್ಟೋ ಉಪಯೋಗ. ಇದನ್ನು ಆ ಚೀಟಿ ಹೇಳಲಿಲ್ಲ.

ನೀರು ಚಿಮುಕಿಸುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗಾಳಿಯ ತೇವ ಕೆಲವು ನಿಮಿಷ ಏರಿ ಮತ್ತೆ ಇಳಿಯುತ್ತದೆ, ಒದ್ದೆ ಎಲೆಯ ಮೇಲೆ ಶಿಲೀಂಧ್ರದ ಚುಕ್ಕೆ ಬೀಳಲು ದಾರಿಯಾಗುತ್ತದೆ. ತೇವ ಬೇಕಿದ್ದರೆ ಗಾಳಿಗೆ ತೇವ ಬಿಡುವ ಯಂತ್ರವೇ ವಾಸಿ. ಒಣಗಾಳಿಯಲ್ಲಿ ನುಸಿ ಬೇಗ ಹೆಚ್ಚುವುದರಿಂದ ಎಲೆಯ ಹಿಂಬದಿಯನ್ನು ನೋಡುತ್ತಿರಬೇಕು.

ಇನ್ನು ಎಲೆ ಹಳದಿಯಾದದ್ದೇ ತಡ, ಎಲ್ಲ ದಿಕ್ಕಿನಿಂದಲೂ ಔಷಧಿಗಳು ಬರತೊಡಗುತ್ತವೆ. ಒಬ್ಬರು ವಿನೆಗರ್ ಹಾಕಿ ಎನ್ನುತ್ತಾರೆ, ಇನ್ನೊಬ್ಬರು ಕಾಫಿ ಚರಟ, ಮತ್ತೊಬ್ಬರು ಎಪ್ಸಮ್ ಉಪ್ಪು (ಮೆಗ್ನೀಸಿಯಮ್ ಸಲ್ಫೇಟ್), ಅದೂ ಸಾಲದೆ ತುಕ್ಕು ಹಿಡಿದ ಮೊಳೆ. ಮಾರಾಟಗಾರರ ಸಲಹೆ ಎಲ್ಲಕ್ಕಿಂತ ಸುಲಭದ್ದು: ಗೊಬ್ಬರ ಕೊಡಿ. ಚಳಿಯಲ್ಲಿ ಕೆಲಸ ನಿಲ್ಲಿಸಿದ ಬೇರಿಗೆ ಗೊಬ್ಬರ ಹಾಕಿದರೆ ಲವಣ ಮಣ್ಣಿನಲ್ಲೇ ಶೇಖರವಾಗಿ ಬೇರನ್ನು ಸುಡುತ್ತದೆ. ನನ್ನ ಗಿಡದ ಎಲೆಗಳ ತುದಿ ಕಂದಿದ್ದು ಗೊಬ್ಬರ ಕೊಟ್ಟ ನಂತರವೇ.

ಔಷಧಿಗೆ ಮುಂಚೆ ಯಾವ ಎಲೆ ಹಳದಿಯಾಗಿದೆ ಎಂದು ನೋಡಬೇಕು. ತುದಿಯ ಹೊಸ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಅದೇ ಲಕ್ಷಣ ಹಳೆಯ ಎಲೆಗಳಲ್ಲಿ ಕಂಡರೆ ಮೆಗ್ನೀಸಿಯಮ್ ಕೊರತೆ. ಎಪ್ಸಮ್ ಉಪ್ಪಿಗೆ ಅಲ್ಲಿ ಮಾತ್ರ ಕೆಲಸ. ಚಳಿಯ ಕೊನೆಯಲ್ಲಿ ಒಳಗಿನ ಕೆಲವು ಮುದಿ ಎಲೆಗಳು ಪೂರ್ತಿ ಹಳದಿಯಾಗಿ ಬಿದ್ದರೆ ಏನೂ ಮಾಡಬೇಕಾಗಿಲ್ಲ. ಮಣ್ಣು ಒದ್ದೆಯಿದ್ದೂ ಗಿಡ ಬಾಡಿದರೆ ಬೇರು ಕೊಳೆತಿರುವ ಸಂಭವವೇ ಹೆಚ್ಚು, ಆಗ ಇನ್ನಷ್ಟು ನೀರು ಹಾಕುವವರೇ ಅನೇಕರು.

ಕಬ್ಬಿಣದ ಕೊರತೆಯ ಮೂಲ ಬಹುಪಾಲು ನಲ್ಲಿಯಲ್ಲಿರುತ್ತದೆ. ಈ ಗಿಡಕ್ಕೆ ಬೇಕಾದ ಮಣ್ಣಿನ ರಸಸಾರ (pH, ಆಮ್ಲ-ಕ್ಷಾರದ ಅಳತೆ; 7ಕ್ಕಿಂತ ಕಡಿಮೆಯಾದರೆ ಆಮ್ಲೀಯ) 5ರಿಂದ 6ರ ಆಸುಪಾಸು. ಸುಣ್ಣ ತುಂಬಿದ ಗಡಸು ನೀರನ್ನು ಹಾಕುತ್ತಾ ಹೋದರೆ ರಸಸಾರ ಮೆಲ್ಲಗೆ ಏರಿ ಕಬ್ಬಿಣ ಕರಗದ ರೂಪಕ್ಕೆ ತಿರುಗುತ್ತದೆ. ಕಾಫಿ ಚರಟ ಇದನ್ನು ತಡೆಯುವುದಿಲ್ಲ, ಬಳಸಿದ ಚರಟದಲ್ಲಿ ಹೇಳಿಕೊಳ್ಳುವಂಥ ಆಮ್ಲವೇ ಉಳಿದಿರುವುದಿಲ್ಲ. ಗಂಧಕ ಕೆಲಸ ಮಾಡುತ್ತದೆ, ಆದರೆ ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ಆಮ್ಲವಾಗಿಸಬೇಕು. ತಣ್ಣನೆಯ ಮಣ್ಣಿನಲ್ಲಿ ಅವೂ ಮಂದ. ಮಳೆ ನೀರು ಹಿಡಿದಿಟ್ಟು ಹಾಕುವುದು ಉತ್ತಮ. ಉಪ್ಪು ಬಳಸಿ ಮೆದುಗೊಳಿಸಿದ ನೀರು ಬೇಡವೇ ಬೇಡ, ಅದರಲ್ಲಿ ಸುಣ್ಣದ ಜಾಗಕ್ಕೆ ಸೋಡಿಯಂ ಬಂದಿರುತ್ತದೆ. ಚಿಲೇಟ್ ಕಬ್ಬಿಣ (ಗಿಡಕ್ಕೆ ದಕ್ಕುವಂತೆ ಇನ್ನೊಂದು ರಾಸಾಯನಿಕದಲ್ಲಿ ಹಿಡಿದಿಟ್ಟ ಕಬ್ಬಿಣ) ಕೊಳ್ಳುವವರು ಡಬ್ಬಿಯ ಹಿಂಬದಿಯನ್ನು ಓದಿ: ಇಡಿಟಿಎ ರೂಪದ್ದು ರಸಸಾರ 6.5 ದಾಟಿದರೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಇಡಿಡಿಎಚ್‌ಎ ರೂಪದ್ದು ಕ್ಷಾರ ಮಣ್ಣಿನಲ್ಲೂ ಉಳಿಯುತ್ತದೆ. ಮುಂಭಾಗದಲ್ಲಿ ಎರಡಕ್ಕೂ ‘ಕಬ್ಬಿಣ’ ಎಂದಷ್ಟೇ ಬರೆದಿರುತ್ತದೆ.

ಇನ್ನೊಂದು ಬಲೆ ಇದೆ. ನನ್ನ ದೂರಿನ ನಂತರ ಅದೇ ಅಂಗಡಿಯವರು ಹಿಮ ತಾಳುವ ತಳಿ ಕೊಡುತ್ತೇವೆ ಎಂದರು. ಕ್ಲೀಮ್ಸ್ ಹಾರ್ಡಿ, ಫ್ರಾಸ್ಟ್ ಪ್ರೂಫ್ ಎಂಬ ತಳಿಗಳು ಇರುವುದು ನಿಜ. ಸೊನ್ನೆಗಿಂತ ಕೆಳಗಿನ ಚಳಿಯನ್ನು ಅವು ತಾಳುವುದೂ ನಿಜ. ಅದು ನೆಲದಲ್ಲಿ ಬೇರು ಬಿಟ್ಟ ಗಿಡದ ಮಾತು. ಕುಂಡದಲ್ಲಿ ಬೇರಿಗೆ ಎಲ್ಲ ಬದಿಯಿಂದಲೂ ಚಳಿ ತಾಗುವುದರಿಂದ ಆ ಭರವಸೆಯನ್ನು ನಂಬಿ ಕುಂಡವನ್ನು ಹೊರಗೆ ಬಿಡಬೇಡಿ.

ಬೇಕೇ ಬೇಕು ಎನ್ನುವವರು ಚಳಿ ಪೂರ್ತಿ ಕಳೆದ ಮೇಲೆ ಕೊಳ್ಳಿ, ಮೊಗ್ಗಿಲ್ಲದ ಗಿಡವನ್ನೇ ಆರಿಸಿ. ಕುಂಡದಿಂದ ಮೆಲ್ಲಗೆ ಎತ್ತಿ ತೋರಿಸಲು ಹೇಳಿ: ಬೇರು ಬೆಳ್ಳಗಿರಬೇಕು, ಬುಡದಲ್ಲಿ ಹಿಟ್ಟು ತಿಗಣೆಯ ಹತ್ತಿಯಂಥ ಗುಳ್ಳೆ ಇರಬಾರದು. ತೋರಿಸಲು ಒಪ್ಪದಿದ್ದರೆ ಹೊರಟು ಬನ್ನಿ. ಬೇಸಿಗೆಯಲ್ಲಿ ಹೊರಗೆ ತೆಳು ನೆರಳಿನಲ್ಲಿಟ್ಟು, ರಾತ್ರಿಯ ಉಷ್ಣತೆ 12 ಡಿಗ್ರಿಯ ಹತ್ತಿರ ಬರುವ ಮುಂಚೆ ಒಳಗೆ ತನ್ನಿ. ಹೀಟರ್ ಇಲ್ಲದ, ಬೆಳಕು ಚೆನ್ನಾಗಿರುವ ಕೋಣೆ ಒಳ್ಳೆಯದು. ಮೊಗ್ಗು ಕಂಡ ಮೇಲೆ ಕುಂಡವನ್ನು ಸರಿಸುವುದೂ ಬೇಡ, ತಿರುಗಿಸುವುದೂ ಬೇಡ.

ಈಗಾಗಲೇ ತಂದಿಟ್ಟುಕೊಂಡಿದ್ದರೆ ಗೊಬ್ಬರ ನಿಲ್ಲಿಸಿ, ಕುಂಡವನ್ನು ಹೀಟರ್‌ನಿಂದ ದೂರವಿಡಿ. ಎತ್ತಿ ನೋಡಿದಾಗ ಹಗುರವಾಗಿದ್ದರೆ ಮಾತ್ರ, ಕೋಣೆಯಷ್ಟೇ ಬೆಚ್ಚಗಿರುವ ಮಳೆ ನೀರಿನ ಬಟ್ಟಲಿನಲ್ಲಿ ಅರ್ಧ ಗಂಟೆ ಇಟ್ಟು, ಹೊರತೆಗೆದು ಚೆನ್ನಾಗಿ ಬಸಿಯಲು ಬಿಡಿ. ಕುಂಡ ಬದಲಿಸುವ ಕೆಲಸವನ್ನು ಹೊಸ ಚಿಗುರು ಕಾಣುವವರೆಗೆ ಮುಂದೂಡಿ. ಆಗ ಕ್ಯಾಮೆಲಿಯಾ, ಅಜೇಲಿಯಾಗಳಿಗೆ ಬಳಸುವ ಆಮ್ಲೀಯ ಮಣ್ಣಿನ ಮಿಶ್ರಣವೇ ಇದಕ್ಕೂ ಆಗುತ್ತದೆ.