ತೂಗುವ ಸ್ಟೀಲ್ ಕಸದ ಡಬ್ಬ: ಕೊಳ್ಳುವ ಮೊದಲು ಪಿನ್ ಅಲ್ಲಾಡಿಸಿ ನೋಡಿ

ಬಸ್ ನಿಲ್ದಾಣ, ಪಾರ್ಕು, ದೇವಸ್ಥಾನದ ಆವರಣಗಳಲ್ಲಿ ಈಗ ಹೆಚ್ಚಾಗಿ ಕಾಣುವುದು ಚೌಕಟ್ಟಿಗೆ ನೇತುಹಾಕಿದ ಸ್ಟೀಲ್ ಜೋಡಿ ಡಬ್ಬ. ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ನೀಲಿ. ಮಗುಚಿ ಖಾಲಿ ಮಾಡುವ ಈ ವಿನ್ಯಾಸ ಒಳ್ಳೆಯದೇ. ಆರಿಸದ ಬೀಡಿ ತುಂಡು ಬಿದ್ದರೆ ಪ್ಲಾಸ್ಟಿಕ್ ಡಬ್ಬದ ಹಾಗೆ ಕರಗುವುದಿಲ್ಲ. ಕೆಡುವುದು ಬಹುತೇಕ ಒಂದೇ ಜಾಗದಲ್ಲಿ: ಡಬ್ಬ ತೂಗುವ ಪಿನ್ನಿನಲ್ಲಿ.

ತೆಳು ತಗಡಿಗೆ ನೇರವಾಗಿ ತೂತು ಕೊರೆದು ಬೋಲ್ಟ್ ಹಾಕಿದ್ದರೆ, ತುಂಬಿದ ಡಬ್ಬದ ಭಾರಕ್ಕೆ ಆ ತೂತು ದಿನದಿನಕ್ಕೆ ಅಗಲವಾಗುತ್ತದೆ. ಆಮೇಲೆ ಡಬ್ಬ ಒಂದು ಕಡೆಗೆ ವಾಲುತ್ತದೆ, ಕೊನೆಗೆ ಕಳಚಿ ಬೀಳುತ್ತದೆ. ತೂತಿನ ಸುತ್ತ ಕನಿಷ್ಠ 3 ಮಿ.ಮೀ. ದಪ್ಪದ ಪಟ್ಟಿ ವೆಲ್ಡ್ ಮಾಡಿರಬೇಕು, ಪಿನ್ 12 ಮಿ.ಮೀ.ಗಿಂತ ಸಣ್ಣದಿರಬಾರದು. ಅಂಗಡಿಯಲ್ಲೇ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಹೊಸದರಲ್ಲೇ ಕಟಕಟ ಅಂದರೆ ಬಿಟ್ಟುಬಿಡಿ.

ಪಿನ್ ಎಲ್ಲಿದೆ ಎನ್ನುವುದೂ ಮುಖ್ಯ. 70 ಸೆಂ.ಮೀ. ಎತ್ತರದ ಡಬ್ಬಕ್ಕೆ ತಳದಿಂದ ಸುಮಾರು 42 ಸೆಂ.ಮೀ.ಗೆ ಪಿನ್ ಇರಲಿ. ನಡುಮಧ್ಯಕ್ಕಿದ್ದರೆ ಮೇಲಕ್ಕೆ ಎಳನೀರು ಬುರುಡೆ ಬಿದ್ದಾಗ ತಾನಾಗಿಯೇ ಮಗುಚುತ್ತದೆ. ತೀರಾ ಮೇಲಿದ್ದರೆ ಪೌರಕಾರ್ಮಿಕರ ತೋಳು ಸೋಲುತ್ತದೆ. ನೆಲದಿಂದ ಪಿನ್ 70 ಸೆಂ.ಮೀ. ಎತ್ತರದಲ್ಲಿದ್ದರೆ ಮಗುಚುವಾಗ 35 ಸೆಂ.ಮೀ. ಎತ್ತರದ ಟಬ್ ಕೆಳಗೆ ಸರಾಗವಾಗಿ ಕೂರುತ್ತದೆ. ಇದಕ್ಕಿಂತ ತಗ್ಗಿದ್ದರೆ ಕಸವನ್ನೆಲ್ಲ ನೆಲಕ್ಕೆ ಸುರಿದು ಮತ್ತೆ ಬಾಚಬೇಕು. ಡಬ್ಬವನ್ನು ನಿಲ್ಲಿಸುವ ಚಿಲಕವೂ ಬೇಕೇ ಬೇಕು. ಚಿಲಕವಿಲ್ಲದಿದ್ದರೆ ಮಕ್ಕಳಿಗೆ ಅದೇ ಉಯ್ಯಾಲೆ.

ತಗಡಿನ ವಿಷಯ. ಮಾರುವವರು '20 ಗೇಜ್' ಅನ್ನುತ್ತಾರೆ, ಅಂದರೆ ಸುಮಾರು 0.9 ಮಿ.ಮೀ. ಮಾತು ನಂಬುವ ಬದಲು ತೂಗಿಸಿ. 33 ಸೆಂ.ಮೀ. ವ್ಯಾಸ, 70 ಸೆಂ.ಮೀ. ಎತ್ತರದ 60 ಲೀಟರ್ ಡಬ್ಬದ ತಗಡು 1 ಮಿ.ಮೀ. ಇದ್ದರೆ ತಳ ಸೇರಿ ಬರಿ ಮೈ 6.4 ಕೆ.ಜಿ. ಬರಬೇಕು, 0.6 ಮಿ.ಮೀ. ಆದರೆ 4 ಕೆ.ಜಿ.ಯೂ ಬರುವುದಿಲ್ಲ. ಜನಜಂಗುಳಿಯ ಜಾಗಕ್ಕೆ 1 ಮಿ.ಮೀ. ಸರಿ. 0.6 ಆಫೀಸಿನ ಒಳಗೆ ಸಾಕು.

ಸ್ಟೇನ್‌ಲೆಸ್ ಸ್ಟೀಲಿನ ದರ್ಜೆಗಳಿಗೆ 202, 304, 316 ಎಂಬ ನಂಬರ್ ಇರುತ್ತದೆ. 304 ಎಂದು ಹೇಳಿ ಕಡಿಮೆ ದರ್ಜೆಯ 202 ಕೊಡುವುದು ಈ ವ್ಯಾಪಾರದ ಹಳೇ ಚಾಳಿ. ಅಯಸ್ಕಾಂತ ಹಿಡಿದು ಪರೀಕ್ಷಿಸಿದರೆ ಪ್ರಯೋಜನವಿಲ್ಲ, ಎರಡಕ್ಕೂ ಅದು ಸರಿಯಾಗಿ ಅಂಟುವುದಿಲ್ಲ. ಸ್ಟೀಲ್ ಅಂಗಡಿಗಳಲ್ಲಿ ಸಿಗುವ ಪರೀಕ್ಷಾ ದ್ರವದ ಒಂದು ಹನಿ ಬಿಟ್ಟು ಬ್ಯಾಟರಿ ತಾಗಿಸಿ. 202 ಆಗಿದ್ದರೆ ಅದರ ಮ್ಯಾಂಗನೀಸ್‌ನಿಂದಾಗಿ ಕೆಂಪಾಗುತ್ತದೆ. ಸೂರಿನ ಕೆಳಗೆ 202 ನಡೆಯುತ್ತದೆ. ಮಳೆಗೆ ಒಡ್ಡಿದರೆ ವೆಲ್ಡ್ ಗುಂಟ ಮೊದಲು ತುಕ್ಕು ಕಾಣಿಸುತ್ತದೆ. ಮಂಗಳೂರು, ಕಾರವಾರದ ಕಡಲ ಗಾಳಿಗೆ 304 ಕೂಡ ಚಹಾ ಬಣ್ಣದ ಕಲೆ ಹಿಡಿಯುತ್ತದೆ. ಅಲ್ಲಿ ಮಾಲಿಬ್ಡಿನಮ್ ಇರುವ 316 ತಡೆಯುತ್ತದೆ, ಆದರೆ ಕಸದ ಡಬ್ಬಕ್ಕೆ ಅಷ್ಟು ದುಡ್ಡು ಅನ್ನಿಸಿದರೆ ಪೌಡರ್ ಕೋಟಿಂಗ್ ಮಾಡಿದ ಜಿ.ಐ. (ಸತು ಲೇಪಿಸಿದ ಕಬ್ಬಿಣ) ತಗಡಿನ ಡಬ್ಬವೇ ವಾಸಿ.

ತೂತು ತೂತಿನ ಜಾಲರಿ ಡಬ್ಬ ಒಣ ಕಸಕ್ಕೆ ಮಾತ್ರ. ಹಸಿ ಕಸ ಹಾಕಿದರೆ ರಸ ಸೋರಿ ನೆಲವೆಲ್ಲ ಅಂಟಂಟು. ತಳ ಮುಚ್ಚಿದ ಡಬ್ಬಕ್ಕೆ ಮಳೆನೀರು ಹೋಗಲು 8 ಮಿ.ಮೀ.ನ ನಾಲ್ಕು ತೂತು ಸಾಕು. ತಳ್ಳುವ ಮುಚ್ಚಳ ಬೇಡ, ಎಲೆಅಡಿಕೆ ಉಗುಳು ಮೆತ್ತಿದ ಮುಚ್ಚಳವನ್ನು ಯಾರೂ ಮುಟ್ಟುವುದಿಲ್ಲ, ಕಸ ಪಕ್ಕಕ್ಕೆ ಬೀಳುತ್ತದೆ. ಮೇಲೊಂದು ಚಾವಣಿಯಿದ್ದರೆ ಸಾಕು.

ಕೂರಿಸುವಾಗ ಟೈಲ್ಸ್ ಮೇಲೆ ಬರಿ ಸ್ಕ್ರೂ ಬಿಗಿದರೆ ಗುಜರಿ ಕಳ್ಳರಿಗೆ ಎರಡು ನಿಮಿಷದ ಕೆಲಸ. ಪ್ರತಿ ಕಾಲಿಗೂ 30×30×45 ಸೆಂ.ಮೀ. ಕಾಂಕ್ರೀಟ್ ಹಾಕಿ, ಕಾಲನ್ನು ಅದರೊಳಗೇ ಹುಗಿಯಿರಿ. ಪಿನ್ನಿನ ನಟ್ಟಿಗೂ ಒಂದು ಚುಕ್ಕಿ ವೆಲ್ಡ್ ಇರಲಿ. ತೊಳೆಯಲು ಸೋಪಿನ ನೀರು ಮಾತ್ರ. ಟಾಯ್ಲೆಟ್ ಆಸಿಡ್, ಬ್ಲೀಚಿಂಗ್ ಪೌಡರ್ ಎರಡರಲ್ಲೂ ಕ್ಲೋರಿನ್ ಅಂಶ ಇರುವುದರಿಂದ ಅಸಲಿ 304ಕ್ಕೂ ಗುಳಿ ಗುಳಿಯಾಗಿ ತುಕ್ಕು ಹಿಡಿಯುತ್ತದೆ.