ಹಡಗಿನ ಬಾಡಿಗೆ ಅಗ್ಗವೆಂದು ಟೈಲ್ಸ್ ತರಿಸುವವರು ದಯವಿಟ್ಟು ಇದನ್ನು ಓದಿ

ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಟೈಲ್ಸ್, ಸ್ಯಾನಿಟರಿ, ಗ್ರಾನೈಟ್ ವ್ಯಾಪಾರ ಮಾಡುವವರಿಗೂ, ಸ್ವಂತ ಮನೆಗೆಂದು ಹೊರದೇಶದ ಮಾಲನ್ನು ನೇರವಾಗಿ ತರಿಸಲು ಹೊರಟವರಿಗೂ ಈ ಬರಹ. ಬೆಂಗಳೂರಿನ ಒಬ್ಬ ಸರಕು ಸಾಗಣೆ ಏಜೆಂಟ್ ನನಗೆ ಒಂದು ದರ ಹೇಳಿ, ಮಾಲು ಚೆನ್ನೈಯಲ್ಲಿ ಇಳಿದ ಮೇಲೆ ಇನ್ನೊಂದು ಲೆಕ್ಕ ತೆಗೆದು, ಹಣ ಕಟ್ಟುವ ತನಕ ನನ್ನ ಮಾಲನ್ನು ಗೋದಾಮಿನಲ್ಲಿ ಕೂಡಿಹಾಕಿದ. ಹೆಸರು ಬರೆಯುವುದಿಲ್ಲ, ಆದರೆ ನಡೆದದ್ದನ್ನು ಮುಚ್ಚಿಡದೆ ಬರೆಯುತ್ತೇನೆ.

ಹಳೇ ಪಿ.ಬಿ. ರಸ್ತೆಯಲ್ಲಿ ನಮ್ಮದು ಟೈಲ್ಸ್ ಅಂಗಡಿ. ಸಾಮಾನ್ಯವಾಗಿ ನಮಗೆ ಮಾಲು ಬರುವುದು ಗುಜರಾತಿನ ಮೊರ್ಬಿಯಿಂದ. ವಿದ್ಯಾನಗರದಲ್ಲಿ ಮನೆ ಕಟ್ಟಿಸುತ್ತಿದ್ದ ಹಿರಿಯರೊಬ್ಬರು ತಾರಸಿಗೆ 20 ಮಿಲಿಮೀಟರ್ ದಪ್ಪದ ಒಂದು ನಿರ್ದಿಷ್ಟ ವಿನ್ಯಾಸವನ್ನೇ ಕೇಳಿದರು, ಅದು ಚೀನಾದ ಫೋಶಾನ್‌ನಲ್ಲಿ ಸಿಕ್ಕಿತು. ಬೇಕಾಗಿದ್ದದ್ದು 100 ಚದರ ಮೀಟರ್ ಮಾತ್ರ. ಅಷ್ಟಕ್ಕೆ ಇಡೀ ಕಂಟೇನರ್ ಹಿಡಿಯುವ ಪ್ರಶ್ನೆಯೇ ಇರಲಿಲ್ಲವಾದ್ದರಿಂದ, ಹತ್ತು ಜನರ ಮಾಲನ್ನು ಒಂದೇ ಕಂಟೇನರಿನಲ್ಲಿ ತುಂಬಿಸಿ ತರುವ ಎಲ್‌ಸಿಎಲ್ ವ್ಯವಸ್ಥೆಯಲ್ಲಿ ತರಿಸುವುದೆಂದಾಯಿತು. ಏಜೆಂಟ್ ಕೊಟ್ಟ ದರ ಒಂದು ಸಿಬಿಎಂಗೆ, ಅಂದರೆ ಒಂದು ಘನ ಮೀಟರಿಗೆ, 5 ಡಾಲರ್.

ಈ ಮಾತನ್ನು ಗಮನವಿಟ್ಟು ಓದಿ. ಕಲ್ಲು, ಟೈಲ್ಸ್‌ನಂಥ ಸಾಮಾನು ಜಾಗ ಕಡಿಮೆ ತಿನ್ನುತ್ತದೆ, ತೂಕ ಜಾಸ್ತಿ ಇರುತ್ತದೆ. 20 ಮಿಲಿಮೀಟರಿನ ಟೈಲ್ಸ್ ಒಂದು ಚದರ ಮೀಟರಿಗೆ ಸುಮಾರು 46 ಕಿಲೋ ತೂಗುತ್ತದೆ. ಮರದ ಪೆಟ್ಟಿಗೆಯೂ ಸೇರಿ ನನ್ನ ಮಾಲಿನ ಅಳತೆ 3 ಘನ ಮೀಟರ್, ತೂಕ ಮಾತ್ರ 4.8 ಟನ್. ಹಾಗಾಗಿ ನಾನು ಫೋನಿನಲ್ಲಿ ನೇರವಾಗಿಯೇ ಕೇಳಿದೆ: "ಬಿಲ್ಲು ಅಳತೆಗೋ, ತೂಕಕ್ಕೋ?" ಆತ ಫೋನಿನಲ್ಲಿ "ಅಳತೆಗೇ ಅಣ್ಣಾ" ಎಂದದ್ದಲ್ಲದೆ, ವಾಟ್ಸಾಪಿನಲ್ಲಿಯೂ ಬರೆದು ಕಳುಹಿಸಿದ: "ನಿಮ್ಮದು 3 ಸಿಬಿಎಂ ಅಣ್ಣಾ, ಅಳತೆಗೇ ಬಿಲ್ಲು, ಅಷ್ಟೇ. ಟೆನ್ಷನ್ ತಗೋಬೇಡಿ." ಆ ಸಂದೇಶ ಇವತ್ತಿಗೂ ನನ್ನ ಮೊಬೈಲಿನಲ್ಲಿದೆ.

ಸರ್ಕಾರದ ಕಡೆಯಿಂದ ಏನೇನು ಬೇಕೋ ಅದೆಲ್ಲವನ್ನೂ ನಾನು ಸರಿಯಾಗಿಯೇ ಮಾಡಿದ್ದೆ. ಹೊರದೇಶದಿಂದ ಬರುವ ಮರದ ಪೆಟ್ಟಿಗೆಗಳನ್ನು ಹುಳ ಹತ್ತದಂತೆ ಶಾಖದಲ್ಲೋ ವಿಷಾನಿಲದಲ್ಲೋ ಸಂಸ್ಕರಿಸಿ, ಅವುಗಳ ಮೇಲೆ ಗೋಧಿ ತೆನೆಯಂಥ ಗುರುತಿನ ಮುದ್ರೆ ಹಾಕಿರಬೇಕೆಂಬ ನಿಯಮವಿದೆ. ಪ್ರತಿ ಪೆಟ್ಟಿಗೆಯ ಮುದ್ರೆಯ ಫೋಟೋವನ್ನು ಮೊದಲೇ ತರಿಸಿಕೊಂಡಿದ್ದೆ. ಬಿಲ್ ಆಫ್ ಎಂಟ್ರಿ, ಅಂದರೆ ಬರುವ ಮಾಲಿನ ವಿವರವನ್ನು ಕಸ್ಟಮ್ಸ್‌ಗೆ ಸಲ್ಲಿಸುವ ದಾಖಲೆ, ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000 ರೂಪಾಯಿ, ಆಮೇಲೆ ದಿನಕ್ಕೆ 10,000 ರೂಪಾಯಿ ದಂಡ ಬೀಳುತ್ತದೆಂದು ಗೊತ್ತಿದ್ದರಿಂದ ಅದನ್ನೂ ಹಡಗು ಬರುವ ಮೊದಲೇ ಸಲ್ಲಿಸಿದ್ದಾಯಿತು. ಸುಂಕ ಕಟ್ಟಿದೆ, ಐಜಿಎಸ್‌ಟಿ ಕಟ್ಟಿದೆ, ಕಸ್ಟಮ್ಸ್‌ನವರು ಒಂದು ಪ್ರಶ್ನೆಯನ್ನೂ ಕೇಳದೆ ಮಾಲನ್ನು ಬಿಟ್ಟರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಹಾಗೆ, ಬಿಡದೆ ಹೋದವನು ನಾನೇ ಗೊತ್ತುಮಾಡಿದ್ದ ಏಜೆಂಟ್.

ಚೆನ್ನೈಯಿಂದ ಒಂದು ಬಿಲ್ಲು ಬಂತು. 15 ಡಾಲರಿನ ಹಡಗು ಬಾಡಿಗೆಯ ಮಾಲಿಗೆ ಜಿಎಸ್‌ಟಿ ಸೇರಿ 61,000 ರೂಪಾಯಿ ದಾಟಿದ ಬಿಲ್ಲು! ಟರ್ಮಿನಲ್ ಹ್ಯಾಂಡ್ಲಿಂಗ್, ಗೋದಾಮಿನ ಖರ್ಚು, ಕಂಟೇನರಿನಿಂದ ಇಳಿಸಿದ ಕೂಲಿ, ದಾಖಲೆ ಶುಲ್ಕ, ಡೆಲಿವರಿ ಆರ್ಡರ್ ಶುಲ್ಕ ಎಂದು ಸಾಲುಸಾಲು ಬಾಬತ್ತುಗಳು. ಅವುಗಳಲ್ಲಿ ಹೆಚ್ಚಿನವನ್ನು ಗುಣಿಸಿದ್ದು 3ರಿಂದ ಅಲ್ಲ, 4.8ರಿಂದ. ಡಾಲರನ್ನು ರೂಪಾಯಿಗೆ ತಿರುಗಿಸಿದ್ದು ಕೂಡ ಬ್ಯಾಂಕಿನ ದರದಲ್ಲಿ ಅಲ್ಲ, ಅದಕ್ಕಿಂತ ಹೆಚ್ಚಾದ ಅವರದೇ ಒಂದು ದರದಲ್ಲಿ.

ತಕ್ಷಣ ಫೋನ್ ಮಾಡಿದೆ. ಅಲ್ಲಿಯವರೆಗೆ "ಅಣ್ಣಾ, ಅಣ್ಣಾ" ಎಂದು ಬಾಯ್ತುಂಬ ಕರೆಯುತ್ತಿದ್ದವನು ಆ ಹೊತ್ತಿಗೆ ಪೂರ್ತಿ ಬದಲಾಗಿದ್ದ. "ಅದು ಡೆಸ್ಟಿನೇಷನ್ ಚಾರ್ಜು ಸರ್, ಮಾಲು ಇಳಿಯೋ ಬಂದರಿನದು, ನಮ್ಮ ಕೈಲಿಲ್ಲ" ಎಂದ. ತೂಕದ ಲೆಕ್ಕ ಎಲ್ಲಿಂದ ಬಂತೆಂದು ಕೇಳಿದರೆ, "ಎಲ್‌ಸಿಎಲ್ ಅಂದಮೇಲೆ ಒಂದು ಟನ್ನನ್ನು ಒಂದು ಸಿಬಿಎಂ ಅಂತ ಹಿಡೀತಾರೆ ಸರ್, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್ಲು, ಇದು ಎಲ್ಲರಿಗೂ ಗೊತ್ತಿರೋದೇ" ಎಂದ. ವ್ಯಾಪಾರದಲ್ಲಿ ಅಂಥ ಪದ್ಧತಿ ಇದೆ ಎಂಬುದು ನಿಜ. ಆದರೆ ಅಳತೆಗೋ ತೂಕಕ್ಕೋ ಎಂದು ಕೇಳಿದವನಿಗೆ "ಅಳತೆಗೇ" ಎಂದು ಬರೆದುಕೊಟ್ಟವನು ಯಾರು? ಆ ಸಂದೇಶವನ್ನೇ ಅವನಿಗೆ ತಿರುಗಿ ಕಳುಹಿಸಿದಾಗ ಬಂದ ಉತ್ತರ: "ಅದು ಹಡಗು ಬಾಡಿಗೆಗೆ ಮಾತ್ರ ಹೇಳಿದ್ದು ಸರ್. ಚೆನ್ನೈಯವರದು ಬೇರೆ ಕಂಪನಿ, ನಮಗೂ ಅವರಿಗೂ ಸಂಬಂಧವಿಲ್ಲ."

ಆ ರಾತ್ರಿ ಬೆಂಗಳೂರಿನವನ ಕೊಟೇಷನ್ನನ್ನೂ ಚೆನ್ನೈಯ ಬಿಲ್ಲನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಎರಡರ ಹೆಸರೂ ಬೇರೆ, ವಿಳಾಸವೂ ಬೇರೆ. ಒಂದರ ಜಿಎಸ್‌ಟಿ ಸಂಖ್ಯೆ ಕರ್ನಾಟಕದ್ದಾದ್ದರಿಂದ 29ರಿಂದ ಶುರುವಾಗುತ್ತದೆ, ಇನ್ನೊಂದರದು ತಮಿಳುನಾಡಿನದಾದ್ದರಿಂದ 33ರಿಂದ. ಆದರೆ ಆ ಎರಡಂಕಿಗಳ ನಂತರ ಬರುವ ಹತ್ತು ಅಕ್ಷರಗಳು ಪ್ಯಾನ್ ಸಂಖ್ಯೆ ಎಂಬುದು ಲೆಕ್ಕಪತ್ರ ಬರೆಯುವ ನಮಗೆಲ್ಲ ಗೊತ್ತು. ಬೆರಳಿಟ್ಟು ಒಂದೊಂದೇ ಅಕ್ಷರವನ್ನು ಓದಿದೆ. ಹತ್ತೂ ಒಂದೇ! ಜಿಎಸ್‌ಟಿ ಜಾಲತಾಣದಲ್ಲಿ ಹುಡುಕಿದಾಗ ಎರಡು ಅಂಗಡಿ ಹೆಸರುಗಳ ಹಿಂದೆ ಇದ್ದ ಮಾಲೀಕನ ಹೆಸರು ಒಂದೇ ಆಗಿತ್ತು. ಸಂಬಂಧವೇ ಇಲ್ಲ ಎಂದಿದ್ದ ಕಂಪನಿ ಅವನದೇ! ಅಷ್ಟು ದಿನ ನಾನು ಬೆಂಗಳೂರಿನಲ್ಲಿ ಚೌಕಾಸಿ ಮಾಡಿದ್ದೂ, ಚೆನ್ನೈಯವರನ್ನು ಸ್ವಲ್ಪ ಕಡಿಮೆ ಮಾಡಿ ಎಂದು ಅಂಗಲಾಚಿದ್ದೂ ಒಬ್ಬನೇ ಮನುಷ್ಯನ ಹತ್ತಿರ ಎಂದು ತಿಳಿದಾಗ ಮೈಯೆಲ್ಲ ಉರಿದುಹೋಯಿತು.

ಬೆಳಿಗ್ಗೆ ಎರಡೂ ಸಂಖ್ಯೆಗಳಿಗೆ ಗೆರೆ ಎಳೆದು ಫೋಟೋ ಕಳುಹಿಸಿದೆ. ಬಹಳ ಹೊತ್ತಿನ ನಂತರ ಬಂದ ಉತ್ತರ ಹೀಗಿತ್ತು: "ಅದು ಅಕೌಂಟ್ಸ್‌ನವರ ವಿಷಯ ಸರ್. ಪೇಮೆಂಟ್ ಆದ್ರೆ ಡಿ.ಓ. ಕೊಡ್ತೀವಿ. ಲೇಟಾದಷ್ಟೂ ಗೋದಾಮಿನ ಬಾಡಿಗೆ ನಿಮಗೇ ಏರುತ್ತೆ."

ಅವನ ಬಲವೆಲ್ಲ ಇರುವುದು ಈ ಡಿ.ಓ.ದಲ್ಲಿ. ಡೆಲಿವರಿ ಆರ್ಡರ್ ಕಾಗದ ಅವರ ಕೈಯಿಂದ ಬರದೆ ಒಂದು ಟೈಲ್ಸೂ ಗೋದಾಮಿನ ಬಾಗಿಲು ದಾಟುವುದಿಲ್ಲ. ಇತ್ತ ಗೋದಾಮಿನ ಬಾಡಿಗೆ ದಿನದಿನಕ್ಕೂ ಬೆಳೆಯುತ್ತದೆ. ಜಗಳ ಮಾಡುತ್ತ ಕುಳಿತವನಿಗೇ ನಷ್ಟ ಎಂದು ಅವನಿಗೆ ಚೆನ್ನಾಗಿ ಗೊತ್ತು, ಗೊತ್ತಿದ್ದೇ ಉತ್ತರ ಕೊಡಲು ತಡಮಾಡುತ್ತಾನೆ. ಗೃಹಪ್ರವೇಶದ ಮುಹೂರ್ತ ಹತ್ತಿರ ಬಂದಿತ್ತು. ಆ ಹಿರಿಯರು ಅಂಗಡಿಗೆ ಬಂದು, ಬೇರೆ ಗಿರಾಕಿಗಳು ನಿಂತಿರುವಾಗಲೇ, "ಏನಪ್ಪಾ, ನಿನ್ನ ಮಾತು ನಂಬಿ ಬೇರೆ ಕಡೆ ಮಾಲು ಬೇಡ ಅಂದಿದ್ದೆ, ಈಗ ಬರಿ ಸಿಮೆಂಟಿನ ತಾರಸಿ ಮೇಲೆ ಬೀಗರನ್ನ ನಿಲ್ಲಿಸ್ಲಾ?" ಎಂದರು. ಅವರಿಗೆ ಯಾವ ಡಿ.ಓ., ಯಾವ ಟನ್ನಿನ ಲೆಕ್ಕ ಹೇಳಲಿ? ನಮ್ಮ ತಂದೆಯ ಕಾಲದಿಂದ ಬಂದ ಗಿರಾಕಿಯ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಯಿತು. ಹಣ ಕಟ್ಟಿದೆ. ನಡುವೆ ಏರಿದ ಗೋದಾಮಿನ ಬಾಡಿಗೆಯನ್ನೂ ಕಟ್ಟಿದೆ. ಲಾರಿ ಚೆನ್ನೈ ಬಿಟ್ಟು, ಹಿರಿಯೂರು, ಚಿತ್ರದುರ್ಗ ದಾಟಿ ದಾವಣಗೆರೆಗೆ ಬರುವ ಹೊತ್ತಿಗೆ ಗೃಹಪ್ರವೇಶ ಮುಗಿದಿತ್ತು.

ಯಾರೇ ಆಗಲಿ, ಬುಕ್ ಮಾಡುವ ಮೊದಲು ಬಂದರಿನಲ್ಲಿ ಬೀಳುವ ಪ್ರತಿಯೊಂದು ಶುಲ್ಕವನ್ನೂ ತೂಕದ ಲೆಕ್ಕದಲ್ಲೇ, ಜಿಎಸ್‌ಟಿ ಸಮೇತ, ಡಾಲರಿನ ದರ ಸಮೇತ ಈಮೇಲ್‌ನಲ್ಲಿ ಬರೆಯಿಸಿಕೊಳ್ಳಿ. ಬಂದರಿನಲ್ಲಿ ಡಿ.ಓ. ಕೊಡುವವರು ಯಾರು, ಅವರ ಜಿಎಸ್‌ಟಿ ಸಂಖ್ಯೆ ಯಾವುದು ಎಂದು ಮೊದಲೇ ಕೇಳಿ ಜಾಲತಾಣದಲ್ಲಿ ನೋಡಿ. ಚೀನಾದ ಮಾರಾಟಗಾರನೇ ಬಾಡಿಗೆ ಕಟ್ಟಿ ಕಳುಹಿಸುತ್ತೇನೆಂದರೂ ಮೈಮರೆಯಬೇಡಿ, ಅಲ್ಲಿ ಬಿಟ್ಟ ಬಾಡಿಗೆಯನ್ನು ಇಲ್ಲಿಯ ಶುಲ್ಕದಲ್ಲಿ ವಸೂಲು ಮಾಡುವವರು ಇದ್ದಾರೆ. 20 ಅಡಿಯ ಒಂದು ಕಂಟೇನರಿನಲ್ಲಿ 25 ಟನ್ನಿಗೂ ಹೆಚ್ಚು ಟೈಲ್ಸ್ ಬರುತ್ತದೆ, ನಾಲ್ಕು ಅಂಗಡಿಯವರು ಒಟ್ಟುಗೂಡಿ ತರಿಸಿದರೆ ಇಂಥವರ ಹಂಗೇ ಬೇಡ.

ಚಿತ್ರದುರ್ಗದ ಪರಿಚಯದ ಅಂಗಡಿಯವರೊಬ್ಬರು ಮೊನ್ನೆ ಒಂದು ಕೊಟೇಷನ್ ಕಳುಹಿಸಿ, "ಇದು ಪರವಾಗಿಲ್ವಾ ನೋಡಿ" ಎಂದರು. ಅದೇ ಮನುಷ್ಯ, ಅದೇ 5 ಡಾಲರ್. ಮೇಲಿನ ಪ್ರಶ್ನೆಗಳನ್ನು ಈಮೇಲ್‌ನಲ್ಲಿ ಕೇಳಿ ಎಂದು ಹೇಳಿದೆ. ಅವರು ಕೇಳಿದ್ದಾರೆ. ಫೋನಿನಲ್ಲಿ "ಎಲ್ಲಾ ಹೇಳ್ತೀನಿ ಅಣ್ಣಾ, ಮೊದಲು ಬುಕ್ಕಿಂಗ್ ಮಾಡೋಣ" ಎಂದನಂತೆ. ಈಮೇಲ್‌ಗೆ ಮಾತ್ರ ಇನ್ನೂ ಉತ್ತರ ಬಂದಿಲ್ಲ.